ಸಹಾಯ ಪುಟದ ಆಪಾ

ಕಳೆದ ವಾರ ಶಹಾಪುರದಿಂದ ಫೋನು ಬಂತು. ಮಾತಾಡಿದವಳು ಆಪಾ ಅವರ ಮಗಳು. "ಅಮ್ಮಿ ಹೋದ್ರು ಅಂಕಲ್" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ನಾನು ಯಾದಗಿರಿಯಿಂದ ಹೊರಟು ಅಲ್ಲಿ ಮುಟ್ಟುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಓಣಿಯಲ್ಲಿ ಹಾಕಿದ್ದ ಕುರ್ಚಿಯೊಂದರ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನನ್ನು ಯಾರೆಂದು ಕೇಳಿದರು. ಕಡೇಚೂರಿನ ಫ್ಯಾಕ್ಟರಿಯಲ್ಲಿ ಅವರ ಜೊತೆ ಕೆಲಸ ಮಾಡಿದವನು ಎಂದೆ.

"ಅಲ್ಲಿ ಆಕಿ ಏನು ಮಾಡ್ತಿದ್ದಳು?"

"ಕಂಪ್ಯೂಟರ್ ಕೆಲಸ" ಎಂದೆ. ತಿರುಗಿ ಬರುವಾಗ ದಾರಿಯುದ್ದಕ್ಕೂ ಆ ಉತ್ತರ ನನ್ನನ್ನು ಚುಚ್ಚುತ್ತಿತ್ತು. ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಬೇಡ. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ಹುಟ್ಟಿದ್ದು ಸುರಪುರ, ಕೊಟ್ಟಿದ್ದು ಶಹಾಪುರಕ್ಕೆ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಕಂಪ್ಯೂಟರ್ ಕಲಿತು ಕೆಲಸಕ್ಕೆ ಸೇರಿದವರು. ನಮ್ಮದು ಔಷಧಿಗೆ ಬೇಕಾಗುವ ರಾಸಾಯನಿಕಗಳನ್ನು ತಯಾರಿಸುವ ಕಾರ್ಖಾನೆ. ಸರಕು ಬಂದದ್ದು, ಹೋದದ್ದು, ಯಾವ ಪೀಪಾಯಿ ಎಲ್ಲಿದೆ ಎಂಬುದೆಲ್ಲ ಒಂದು ಸಾಫ್ಟ್‌ವೇರಿನಲ್ಲಿ ಇರುತ್ತಿತ್ತು, ಬ್ರೌಸರಿನಲ್ಲಿ ತೆರೆಯುವಂಥದ್ದು. ಪ್ರತಿ ತೆರೆಯ ಮೂಲೆಯಲ್ಲೂ ಒಂದು ಪ್ರಶ್ನೆಚಿಹ್ನೆ. ಅದನ್ನು ಒತ್ತಿದರೆ ಸಹಾಯದ ಪುಟ ತೆರೆಯುತ್ತಿತ್ತು: ಈ ರಾಸಾಯನಿಕ ಯಾವುದು, ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ನೆಲಕ್ಕೆ ಚೆಲ್ಲಿದರೆ ಏನು ಮಾಡಬೇಕು. ಆ ಪುಟಗಳನ್ನು ಕನ್ನಡದಲ್ಲಿ, ಹಿಂದಿಯಲ್ಲಿ ಬರೆಯುವುದೇ ಆಪಾ ಅವರ ಕೆಲಸ. ಕೇಬಲ್ಲು, ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇಬ್ಬರಿಗೂ ಸೇರಿ ಒಂದೇ ಕೋಣೆ.

ಸಿಡುಕಿನ ಮನುಷ್ಯೆ. ಅವರ ಕುರ್ಚಿಯಲ್ಲಿ ಯಾರಾದರೂ ಕುಳಿತಿದ್ದರೆ ಬಾಗಿಲಲ್ಲೇ ನಿಂತು ಕೆಮ್ಮುತ್ತಿದ್ದರು, ಎದ್ದ ಮೇಲೆಯೇ ಒಳಗೆ ಕಾಲಿಡುವುದು. ನನ್ನ ಯಾವುದಾದರೂ ಕೆಲಸ ತಡವಾದರೆ "ರಾಮಸಮುದ್ರದ ಎತ್ತು ಇನ್ನೂ ಊರಿಂದ ಹೊಂಟಿಲ್ಲೇನು?" ಎನ್ನುತ್ತಿದ್ದರು, ನನ್ನೂರು ರಾಮಸಮುದ್ರ. ಪುಟ ತೆರೆಯಲು ಹೊತ್ತು ಹಿಡಿದರೆ ಬೆರಳಿನ ಗೆಣ್ಣಿನಿಂದ ಮಾನಿಟರಿನ ಗಾಜನ್ನು ಬಡಿಯುವರು, ಕದ ಬಡಿದ ಹಾಗೆ.

ಆದರೆ ಬರೆದ ಪುಟವನ್ನು ಮಾತ್ರ ತಾವೇ ಸರಿ ಎಂದು ಬಿಟ್ಟವರಲ್ಲ. ಕ್ಯಾಂಟೀನಿಗೆ ಹೊರಟ ಹಮಾಲರಲ್ಲಿ ಯಾರನ್ನಾದರೂ ಕರೆದು ನಿಲ್ಲಿಸಿ ಗಟ್ಟಿಯಾಗಿ ಓದಿಸುತ್ತಿದ್ದರು. ಅವನು ಎಲ್ಲಿ ತಡವರಿಸುತ್ತಾನೋ ಅಲ್ಲಿ ಶಬ್ದ ಬದಲಾಗುತ್ತಿತ್ತು. ಒಮ್ಮೆ "ತಟಸ್ಥಗೊಳಿಸಿ" ಎಂದು ಬರೆದಿದ್ದರು. ಓದಿದವನು, "ಅಂದ್ರ ಏನ್ರಿ ಆಪಾ?" ಎಂದ.

"ಅಂದ್ರ ಸುಣ್ಣ ಹಾಕೂದಪ್ಪ."

"ಮತ್ತ ಸುಣ್ಣ ಹಾಕ್ರಿ ಅಂತ ಬರೀರಲ್ಲ."

ಹಾಗೆಯೇ ಬರೆದರು. ಹೀಗಾಗಿ ಅವರ ಪುಟಗಳೆಂದರೆ ಹೊಡೆದು ಹೇಳಿದ ಹಾಗೆ ಇರುತ್ತಿದ್ದವು. ಓದಿದವನು ಮರುಯೋಚನೆ ಮಾಡದೆ ಕೈಗೆ ಕೆಲಸ ಹಚ್ಚಬೇಕು, ಹಾಗೆ. ಕಾರ್ಖಾನೆಯ ಜನ ಆ ಪುಟಗಳನ್ನು ನಂಬಿದ್ದರು. ಮುಂದೆ ಆದದ್ದಕ್ಕೆ ಆ ನಂಬಿಕೆಯೂ ಒಂದು ಕಾರಣ.

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯವರು ಹೊಸ ಆವೃತ್ತಿ ಕಳಿಸಿದರು. ಹಳೆಯದರಲ್ಲಿ ಪ್ರತಿ ರಾಸಾಯನಿಕದ ಪುಟಕ್ಕೂ ಒಂದು ಕಾಯಂ ಲಿಂಕ್ ಇತ್ತು. ಹೊಸದರಲ್ಲಿ ಡೈನಾಮಿಕ್ ಲಿಂಕ್. ಪ್ರಶ್ನೆಚಿಹ್ನೆ ಒತ್ತಿದ ಗಳಿಗೆಯಲ್ಲಿ, ತೆರೆಯ ಮೇಲೆ ಯಾವ ರಾಸಾಯನಿಕವಿದೆ ಎಂದು ನೋಡಿ, ಬ್ರೌಸರೇ ಅದರ ಪುಟದ ವಿಳಾಸ ಕಟ್ಟಿಕೊಳ್ಳಬೇಕು. ಆಪಾ ತಮ್ಮ ಯಂತ್ರದಲ್ಲಿ ಒಂದೊಂದೇ ಒತ್ತಿ ನೋಡಿದರು. ಎಲ್ಲ ಸರಿಯಾಗಿ ತೆರೆದುಕೊಂಡವು. ಪುಟದ ಮೇಲ್ಭಾಗದಲ್ಲಿ ಚೆಂದದ ನೀಲಿ ಪಟ್ಟಿ, ಅದರೊಳಗೆ ಬಿಳಿ ಅಕ್ಷರದಲ್ಲಿ ರಾಸಾಯನಿಕದ ಹೆಸರು. "ಪಾಸ್" ಎಂದು ಹೈದರಾಬಾದಿಗೆ ತಿಳಿಸಿದರು. ಹೊಸ ಆವೃತ್ತಿ ಕಾರ್ಖಾನೆಯ ತುಂಬ ಜಾರಿಗೆ ಬಂತು.

ಕೆಲವು ದಿನಗಳ ನಂತರ ಕ್ಯಾಂಟೀನಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದೆವು. ಶೆಡ್ಡಿನಲ್ಲಿ ಪೀಪಾಯಿ ಸಾಗಿಸುವವನೊಬ್ಬ ನಗುತ್ತಾ ಬಂದು ಹೇಳಿದ:

"ಆಪಾ, ಹೊಸಾದು ಚೊಲೊ ಮಾಡೀರಿ ನೋಡ್ರಿ. ಯಾವುದು ಒತ್ತಿದ್ರೂ ಒಂದಽ ಪುಟ ಬರ್ತದ. ಓದೂದು ಕಮ್ಮಿ ಆತು."

ಆಪಾ ಕಪ್ಪು ಕೆಳಗಿಟ್ಟರು. "ಏನಂದಿ?"

"ಎಲ್ಲಾದಕ್ಕೂ ಒಂದಽ ಪುಟ ಅಲ್ರೀ. ನೀರು ಹಾಕ್ರಿ ಅಂತ ಅದಲ್ಲ, ಅದು."

ಚಹಾ ಅಲ್ಲೇ ಬಿಟ್ಟು ಶೆಡ್ಡಿನ ಕಡೆ ಹೊರಟರು. ಅವರಿಗೆ ಮೊಣಕಾಲು ನೋವಿತ್ತು, ನಡೆಯುವಾಗ ಒಂದು ಕಾಲು ಎಳೆಯುತ್ತಿದ್ದರು. ಅಂದು ನಾನೇ ಅವರ ಹಿಂದೆ ಓಡಬೇಕಾಯಿತು.

ಮೊದಲ ಶೆಡ್ಡಿನ ಯಂತ್ರದ ಮುಂದೆ ನಿಂತು ಅವರು ಪ್ರಶ್ನೆಚಿಹ್ನೆ ಒತ್ತಿದರು. ಪುಟ ತೆರೆಯಿತು. ಮೇಲೆ ನೀಲಿ ಪಟ್ಟಿ ಇಲ್ಲ, ಹೆಸರೂ ಇಲ್ಲ. ಬರೀ ಬಿಳಿ ಜಾಗ. ಕೆಳಗೆ ಅವರದೇ ವಾಕ್ಯ: "ಚೆಲ್ಲಿದ ಕಡೆ ಕೂಡಲೇ ಧಾರಾಳವಾಗಿ ನೀರು ಹಾಕಿರಿ." ಬೇರೊಂದು ರಾಸಾಯನಿಕ ಆರಿಸಿ ಒತ್ತಿದರು. ಅದೇ ಪುಟ. ಮತ್ತೊಂದು. ಅದೇ.

ಏನಾಗಿದೆ ಎಂದು ನನಗೂ ಹೊಳೆಯಿತು. ಶೆಡ್ಡುಗಳ ಯಂತ್ರಗಳಲ್ಲಿದ್ದದ್ದು ಹಳೆಯ ಬ್ರೌಸರ್. ಪೀಪಾಯಿಗಳಿಗೆ ಹಚ್ಚುವ ಲೇಬಲ್ಲುಗಳು ಅದರಲ್ಲಿ ಮಾತ್ರ ಪ್ರಿಂಟ್ ಆಗುತ್ತಿದ್ದವು. ಅದಕ್ಕೇ ಯಾರೂ ಬದಲಿಸಿರಲಿಲ್ಲ. ಹಳೆಯ ಬ್ರೌಸರಿಗೆ ಹೊಸ ರೀತಿಯ ಲಿಂಕ್ ಕಟ್ಟಲು ಬರುವುದಿಲ್ಲ. ಕಟ್ಟಲಾಗದೆ ಅದು ಪಟ್ಟಿಯ ಮೊದಲ ಪುಟಕ್ಕೆ ಹೋಗುತ್ತಿತ್ತು. ಆ ಪುಟ ಕಾಸ್ಟಿಕ್ ದ್ರಾವಣದ್ದು. ನೀಲಿ ಬಣ್ಣ ತುಂಬಲೂ ಅದಕ್ಕೆ ಬರುವುದಿಲ್ಲ. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಯಾರಿಗೆ ಕಾಣಬೇಕು?

"ತೆರೀಲಾರದಽ ಇದ್ದಿದ್ರ ಬೇಷಿತ್ತು ಭಾಯಿ" ಎಂದರು ಆಪಾ. "ಕೆಟ್ಟದ ಅಂತ ಫೋನಾದ್ರೂ ಮಾಡ್ತಿದ್ರು. ಇದು ಗಲತ್ ಪುಟ ತೆರದು ಸುಮ್ಮ ಕುಂತದ."

ಹೈದರಾಬಾದಿಗೆ ಫೋನು ಮಾಡಿದರು. ಆ ಕಡೆಯವನು, ನಮ್ಮಲ್ಲಿ ಸರಿಯಾಗಿ ತೆರೆಯುತ್ತಿದೆ, ದೂರು ದಾಖಲಿಸಿ, ಸಂಜೆಯೊಳಗೆ ನೋಡುತ್ತೇವೆ ಎಂದ. ಆಪಾ ಫೋನು ಇಟ್ಟು ನೇರ ಮ್ಯಾನೇಜರ ಕೋಣೆಗೆ ನುಗ್ಗಿದರು. ಆ ಮ್ಯಾನೇಜರು ಬೆಂಗಳೂರು ಕಡೆಯವರು, ಕೆಟ್ಟವರಲ್ಲ, ಆದರೆ ಅಂದು ಲಾರಿಗಳು ಹೊರಡಬೇಕಿತ್ತು.

"ಸಾಹೇಬ್ರ, ಶೆಡ್ಡಿನ ಮಷೀನೆಲ್ಲ ಬಂದ್ ಮಾಡಸ್ರಿ."

"ಬಂದ್ ಮಾಡಿದರೆ ಲೇಬಲ್ ಬರುವುದಿಲ್ಲ ಮೇಡಂ. ಲಾರಿ ನಿಲ್ಲುತ್ತವೆ. ಸಂಜೆಗೆ ಸರಿ ಮಾಡುತ್ತೇವೆ ಅಂದಿದ್ದಾರಲ್ಲ?"

"ಸಂಜೀ ತನ ಯಾರೂ ಏನೂ ಚೆಲ್ಲಂಗಿಲ್ಲ ಅಂತ ನೀವು ಬರ್ದು ಕೊಡ್ತೀರೇನು? ನೀರು ತಾಗಿದ್ರ ಹೊಗಿ ಆಗೂ ಮಾಲು ಅದ ಅಲ್ಲಿ."

"ಅವರಿಗೆಲ್ಲ ತರಬೇತಿ ಆಗಿದೆ. ನೀವು ಗಾಬರಿಯಾಗಬೇಡಿ."

ಆಪಾ ಮಾತು ಬೆಳೆಸಲಿಲ್ಲ. ಹೊರಗೆ ಬಂದು ನನ್ನ ಕಡೆ ನೋಡಿದರು. "ಕೇಬಲ್ ಕೀಳೂದು ನಡಿ. ಕೇಳಿದ್ರ ನಾ ಕಿತ್ತೀನಿ ಅಂತ ಹೇಳು."

ಮೊದಲ ಶೆಡ್ಡಿನದು ಕಿತ್ತೆವು. ಅಲ್ಲಿಯ ಗುಮಾಸ್ತ ಬೈದ. ಪಕ್ಕದ ಶೆಡ್ಡಿನದೂ ಕಿತ್ತೆವು. ಉಳಿದದ್ದು ಕೊನೆಯ ಶೆಡ್ಡು, ಕಾಂಪೌಂಡಿನ ಆಚೆ ತುದಿಗೆ. ಆ ಕಡೆ ತಿರುಗುತ್ತಿದ್ದಂತೆ ಅದರ ಬಾಗಿಲಿನಿಂದ ಕೆಲಸಗಾರರು ಹೊರಗೆ ಓಡಿಬರುವುದು ಕಾಣಿಸಿತು. ಅವರ ಹಿಂದೆ ಬಿಳಿ ಹೊಗೆ.

ಟ್ರಾಲಿಯ ತುದಿ ತಾಗಿ ಒಂದು ಪೀಪಾಯಿ ತೂತಾಗಿತ್ತು. ಚೆಲ್ಲಿದ್ದು ನೀರು ತಾಗಬಾರದ ಮಾಲೇ. ಮಂದಿಯನ್ನು ಹೊರಗಟ್ಟಿದ ಸೂಪರ್‌ವೈಸರ್, ಹತ್ತಿಕುಣಿಯವನು, ತಾನು ಮಾತ್ರ ಹಿಂದೆ ಉಳಿದು ಪ್ರಶ್ನೆಚಿಹ್ನೆ ಒತ್ತಿದ್ದ. ಪುಟ ಏನು ಹೇಳಿತೋ ಅದನ್ನು ಮಾಡುತ್ತಿದ್ದ. ಬಾಗಿಲಿನಿಂದ ಕಾಣುತ್ತಿತ್ತು: ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಪೈಪು ಹಿಡಿದು ನೀರು ಹೊಡೆಯುತ್ತಿದ್ದಾನೆ. ಹೊಡೆದಷ್ಟೂ ಹೊಗೆ ಏಳುತ್ತಿದೆ. ಹೊಗೆ ಎದ್ದಷ್ಟೂ ಅವನು ಇನ್ನೂ ಹೊಡೆಯುತ್ತಿದ್ದಾನೆ.

"ನೀರು ಬಿಡು! ನೀರು ಬಿಟ್ಟು ಹೊರಗ ಬಾ!" ಆಪಾ ಕೂಗಿದರು. ನಾನೂ ಕೂಗಿದೆ. ಫ್ಯಾನುಗಳ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. "ನೀರು" ಎಂಬುದಷ್ಟೇ ಕೇಳಿಸಿತೋ ಏನೋ, ಇನ್ನೂ ಮುಂದಕ್ಕೆ ಹೋದ.

ಹೊರಗೋಡೆಗೆ ನೀರಿನ ವಾಲ್ವ್ ಇತ್ತು. ಆಪಾ ಓಢಣಿಯನ್ನು ಮೂಗಿಗೆ ಸುತ್ತಿಕೊಂಡು ಅದರತ್ತ ಹೋದರು. ತುಕ್ಕು ಹಿಡಿದ ಚಕ್ರ, ತಿರುಗಲೊಲ್ಲದು. ನಾನೂ ಕೈ ಹಚ್ಚಿದೆ. ಇಬ್ಬರೂ ಜೋತುಬಿದ್ದ ಮೇಲೆ ಜಗ್ಗಿತು. ಅವರ ಗಾಜಿನ ಬಳೆಗಳು ಒಡೆದು ಮುಂಗೈಯಿಂದ ರಕ್ತ ಇಳಿಯುತ್ತಿತ್ತು. ಅವರಿಗೆ ಅದರ ಅರಿವಿರಲಿಲ್ಲ. ಒಳಗೆ ನೀರು ನಿಂತಿತು. ಸೂಪರ್‌ವೈಸರ್ ಪೈಪಿನ ಬಾಯಿಯನ್ನೇ ನೋಡುತ್ತಾ ನಿಂತ, ಆಮೇಲೆ ಕುಸಿದು ಕುಳಿತ. ಅಷ್ಟರಲ್ಲಿ ಮಾಸ್ಕ್ ಹಾಕಿಕೊಂಡ ಇಬ್ಬರು ಬಂದು ಅವನನ್ನು ಹೊರಗೆ ಎಳೆದು ತಂದರು. ಅವನ ತುಟಿ ನೀಲಿಯಾಗಿತ್ತು. ಉಸಿರೆಳೆದರೆ ಸೀಟಿ ಊದಿದ ಹಾಗೆ ಸದ್ದು.

ಯಾದಗಿರಿಯ ದವಾಖಾನೆಗೆ, ಅಲ್ಲಿಂದ ಕಲಬುರಗಿಗೆ ಕರೆದೊಯ್ದರು. ಜೀವ ಉಳಿಯಿತು.

ಹೈದರಾಬಾದಿನಿಂದ ಸಾಫ್ಟ್‌ವೇರ್ ಕಂಪನಿಯವರು ಇಬ್ಬರು ಬಂದರು, ನಮ್ಮ ಮುಖ್ಯ ಕಚೇರಿಯಿಂದ ಒಬ್ಬ ಹಿರಿಯ ಅಧಿಕಾರಿ. ವಿಚಾರಣೆಯ ಕೋಣೆಗೆ ನಮ್ಮನ್ನು ಕರೆಯುವ ಹೊತ್ತಿಗೆ ಅವರ ಮಾತು ಒಂದು ಹಂತಕ್ಕೆ ಬಂದಿತ್ತು: ಸೂಪರ್‌ವೈಸರ್ ತರಬೇತಿಗೆ ವಿರುದ್ಧವಾಗಿ ನಡೆದುಕೊಂಡಿದ್ದಾನೆ, ತಪ್ಪು ಅವನದು. ಹಾಗೆ ಬರೆದುಬಿಟ್ಟರೆ ಅವನ ಕೆಲಸ ಹೋಗುತ್ತಿತ್ತು, ಅದೂ ಆಸ್ಪತ್ರೆಯ ಮಂಚದ ಮೇಲೆ ಮಲಗಿರುವಾಗ.

"ಅವ ಪುಟ ಓದಿ ಮಾಡ್ಯಾನ" ಎಂದರು ಆಪಾ. "ಬರ್ರಿ, ಶೆಡ್ಡಿನ್ಯಾಗಿನ ಮಷೀನಿನ ಮ್ಯಾಲೆ ತೋರಸ್ತೀನಿ."

ಎಲ್ಲರೂ ಕೊನೆಯ ಶೆಡ್ಡಿಗೆ ಹೋದೆವು. ಆಪಾ ಆ ರಾಸಾಯನಿಕ ಆರಿಸಿ ಪ್ರಶ್ನೆಚಿಹ್ನೆ ಒತ್ತಿದರು. ನೀಲಿ ಪಟ್ಟಿ. ಬಿಳಿ ಅಕ್ಷರದಲ್ಲಿ ಸರಿಯಾದ ಹೆಸರು. ಕೆಳಗೆ, "ನೀರು ಮುಟ್ಟಿಸಬೇಡಿರಿ."

ಹಿರಿಯ ಅಧಿಕಾರಿ ಗಡಿಯಾರ ನೋಡಿಕೊಂಡರು. ಆಪಾ ಮತ್ತೆ ಒತ್ತಿದರು, ಮತ್ತೆ ಸರಿಯಾದ ಪುಟವೇ. ಈಗ ಇವರು ಸೂಪರ್‌ವೈಸರ್ ಜೊತೆಗೆ ಆಪಾ ಅವರನ್ನೂ ಸುಳ್ಳರ ಲೆಕ್ಕಕ್ಕೆ ಹಿಡಿಯುತ್ತಾರೆ ಎಂದುಕೊಂಡೆ.

ಅಷ್ಟರಲ್ಲಿ ಶೆಡ್ಡಿನ ಗುಮಾಸ್ತ ಬಂದು ನನ್ನ ಮೇಲೆ ರೇಗಿದ. "ಏನು ಮಾಡೀರಿ ಮಾರಾಯಾ ಈ ಮಷೀನಿಗಿ? ಮುಂಜಾನಿಂದ ಒಂದು ಲೇಬಲ್ ಬರವಲ್ದು."

ಆಪಾ ಥಟ್ಟನೆ ತಿರುಗಿದರು. "ಲೇಬಲ್ ಬರವಲ್ದು?"

ಬ್ರೌಸರ್ ಬದಲಾಗಿತ್ತು. ಹೈದರಾಬಾದಿನಲ್ಲೇ ಕುಳಿತು ಯಾರೋ ಹೊಸದನ್ನು ಹಾಕಿದ್ದರು. ಬಂದವರಲ್ಲಿ ಕಿರಿಯವನು, ದೂರು ಬಂದ ಯಂತ್ರಗಳನ್ನು ಅಪ್‌ಡೇಟ್ ಮಾಡುವುದು ನಮ್ಮ ಪದ್ಧತಿ ಎಂದ. ಇರಬಹುದು. ಅದು ಪದ್ಧತಿಯೋ ಹೊಣೆ ತಪ್ಪಿಸುವ ದಾರಿಯೋ, ನನಗೆ ಇಂದಿಗೂ ತಿಳಿಯದು. ಕಿತ್ತ ಕೇಬಲ್ ಮತ್ತೆ ಹಚ್ಚಿದ ಮೇಲೆ ಮೂರೂ ಶೆಡ್ಡಿನ ಯಂತ್ರಗಳು ಹೊಸದಾಗಿದ್ದವು. ತೋರಿಸಲು ಏನೂ ಉಳಿದಿರಲಿಲ್ಲ.

ಆಪಾ ನನ್ನ ಕಡೆ ತಿರುಗಿದರು. "ಗೇಟಿನ ವೇಬ್ರಿಜ್‌ನಾಗ ಯಾ ಬ್ರೌಸರ್ ಅದ?"

ಲಾರಿ ತೂಗುವ ವೇಬ್ರಿಜ್! ಅಲ್ಲಿಯ ಯಂತ್ರವನ್ನು ಯಾರೂ ಸಹಾಯ ಪುಟಕ್ಕೆ ಬಳಸಿದವರಲ್ಲ, ದೂರು ಕೊಟ್ಟವರೂ ಅಲ್ಲ. ತೂಕದ ಕಾಟಾ ಹಳೆಯ ಬ್ರೌಸರಿನಲ್ಲೇ ನಡೆಯುತ್ತಿತ್ತು. "ಹಳೇದಽ ಇರ್ಬೇಕ್ರಿ" ಎಂದೆ. ಅದನ್ನೂ ಬದಲಿಸಿದ್ದಾರೋ ಏನೋ, ಖಾತ್ರಿ ಇರಲಿಲ್ಲ.

ಬಿಸಿಲು ಸುಡುತ್ತಿತ್ತು. ಹಿರಿಯ ಅಧಿಕಾರಿಗೆ ಅಷ್ಟು ದೂರ ನಡೆಯುವ ಮನಸ್ಸಿರಲಿಲ್ಲ. ಆಪಾ ಮುಂದೆ ಮುಂದೆ ಕಾಲು ಎಳೆಯುತ್ತಾ ಹೊರಟೇಬಿಟ್ಟಿದ್ದರಿಂದ ಹಿಂಬಾಲಿಸಿದರು. ಆ ಸಣ್ಣ ಕೋಣೆಯಲ್ಲಿ ಎಲ್ಲರೂ ಒತ್ತಿಕೊಂಡು ನಿಂತೆವು. ಆಪಾ ಅದೇ ರಾಸಾಯನಿಕ ಆರಿಸಿದರು. ಪ್ರಶ್ನೆಚಿಹ್ನೆ ಒತ್ತಿದರು.

ಮೇಲ್ಭಾಗ ಬಿಳಿ. ಕೆಳಗೆ, "ಕೂಡಲೇ ಧಾರಾಳವಾಗಿ ನೀರು ಹಾಕಿರಿ."

ಮ್ಯಾನೇಜರು ಅದನ್ನು ಓದಿ ಹಿಂದಕ್ಕೆ ಸರಿದರು.

"ಇದು ಯಾವುದರ ಪುಟ? ಹೆಸರು ಓದ್ರಿ" ಎಂದರು ಆಪಾ.

"ಹೆಸರೇ ಇಲ್ಲ."

ಆಪಾ ಮೌಸ್ ಹಿಡಿದು ಆ ಬಿಳಿ ಜಾಗದ ಮೇಲೆ ಎಡದಿಂದ ಬಲಕ್ಕೆ ಎಳೆದರು. ಎಳೆದಂತೆಲ್ಲ ಅಡಗಿದ್ದ ಅಕ್ಷರಗಳು ಒಂದೊಂದಾಗಿ ಎದ್ದವು. ಕಾಸ್ಟಿಕ್ ದ್ರಾವಣ.

ಕಿರಿಯವನು ತಾನೇ ಮೌಸ್ ಹಿಡಿದು ಇನ್ನೊಮ್ಮೆ ಮಾಡಿ ನೋಡಿದ. ಹಿರಿಯ ಅಧಿಕಾರಿ ಈ ಆವೃತ್ತಿಯನ್ನು ಪರೀಕ್ಷಿಸಿ ಪಾಸ್ ಮಾಡಿದವರು ಯಾರು ಎಂದು ಹಿಂದಿಯಲ್ಲಿ ಕೇಳಿದರು.

ಹೈದರಾಬಾದಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ನೆನಪಿರಲಿಲ್ಲ, ಹತ್ತಾರು ಕಾರ್ಖಾನೆಗಳ ನಡುವೆ ನಮ್ಮದು ಒಂದು. ಮ್ಯಾನೇಜರಿಗೂ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಗೊತ್ತಿದ್ದವರು ಇಬ್ಬರೇ. ನಾನು ನೆಲ ನೋಡಿದೆ.

"ನಾನಽ" ಎಂದರು ಆಪಾ. "ನನ್ನ ಮಷೀನಿನ್ಯಾಗ ನೋಡಿ ಪಾಸ್ ಅಂದೆ. ಶೆಡ್ಡಿಗಿ ಹೋಗಿ ನೋಡ್ಲಿಲ್ಲ. ನೀರು ಹೊಡದ ಆ ಹುಡುಗನ ತಪ್ಪಿಲ್ಲ. ಬರಕೋರಿ."

ಅವರು ಬರೆದುಕೊಂಡರು. ಸೂಪರ್‌ವೈಸರ್ ಮೇಲಿನ ಆರೋಪ ಹೋಯಿತು, ಚಿಕಿತ್ಸೆಯ ಹೊಣೆಯನ್ನು ಕಾರ್ಖಾನೆ ಹೊತ್ತಿತು. ಆಪಾ ಅವರಿಗೆ ತಿಂಗಳ ಕೊನೆಯಿಂದ ಬರಬೇಡಿ ಎಂದರು. ಮ್ಯಾನೇಜರು ನಮ್ಮ ಕೋಣೆಯ ತನಕ ಬಂದು ತಗ್ಗಿದ ದನಿಯಲ್ಲಿ, "ನೀವು ಹೇಳದೇ ಇದ್ದರೂ ನಡೆಯುತ್ತಿತ್ತು ಮೇಡಂ" ಎಂದರು. ಆಪಾ ಡ್ರಾಯರ್ ಖಾಲಿ ಮಾಡುತ್ತಿದ್ದರು. ತಲೆ ಎತ್ತಲಿಲ್ಲ. "ನೀವು ಮಷೀನ್ ಬಂದ್ ಮಾಡಿದ್ರೂ ನಡೀತಿತ್ತು ಸಾಹೇಬ್ರ" ಎಂದರು.

ಕೆಲಸ ಬಿಡುವ ಮುಂಚೆ ಒಂದು ಭಾನುವಾರ ನನ್ನನ್ನು ಕರೆದುಕೊಂಡು ಹತ್ತಿಕುಣಿಗೆ ಹೋದರು. ಸೂಪರ್‌ವೈಸರ್ ಕಲಬುರಗಿಯಿಂದ ಮನೆಗೆ ಬಂದಿದ್ದ. ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದವನು ನಮ್ಮನ್ನು ಕಂಡು ಏಳಲಿಲ್ಲ, ಬರ್ರಿ ಎನ್ನಲೂ ಇಲ್ಲ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಈಗ್ಯಾಕ ಬಂದೀರಿ?" ಎಂದಳು. "ನೀವು ಬರ್ದದ್ದು ಓದಿ ನಮ್ಮವ್ರು ನೀರು ಹೊಡದಾರ. ಈಗ ನೋಡ್ರಿ, ಬಾವಿ ತನ ಹೋಗಿ ಬರೂದ್ರಾಗ ಎರಡು ಸಲ ಕುಂಡ್ರತಾರ."

"ಹೌದವ್ವಾ" ಎಂದರು ಆಪಾ. "ನಾ ಬರ್ದದ್ದಽ ಅದು."

ಅಷ್ಟು ಹೇಳಿ ಅಂಗಳದಲ್ಲಿ ನಿಂತೇ ಇದ್ದರು. ಬ್ರೌಸರು, ಲಿಂಕು, ಹೈದರಾಬಾದು, ಯಾವುದನ್ನೂ ಎತ್ತಲಿಲ್ಲ. ನಾನು ಹೇಳಲು ಬಾಯಿ ತೆರೆದರೆ ಕಣ್ಣಿನಿಂದಲೇ ಸುಮ್ಮನಾಗಿಸಿದರು. ಬಿಸಿಲಿನಲ್ಲಿ ಮೊಣಕಾಲು ಹಿಡಿದುಕೊಂಡು ನಿಂತಿದ್ದರು. ಯಾರೂ ಕೂರಲು ಹೇಳಲಿಲ್ಲ.

ಕೊನೆಗೆ ಸೂಪರ್‌ವೈಸರ್ ಬಾಯಿ ಬಿಟ್ಟ. ಮಾತಿನ ನಡುವೆ ಉಸಿರು ಹುಡುಕಬೇಕಾಗುತ್ತಿತ್ತು.

"ಆಪಾ, ದವಾಖಾನ್ಯಾಗ ಮಕ್ಕೊಂಡಾಗಿಂದ ಒಂದಽ ಕೇಳಬೇಕಂತ ತಲ್ಯಾಗ ಅದ. ಆ ಹೊತ್ತಿಗಿ ನಾ ಏನು ಮಾಡ್ಬೇಕಾಗಿತ್ತು?"

ಆಪಾ ಹೇಳಿದರು. ಮೊದಲು ಹಿಂದಕ್ಕೆ ಸರಿಯಬೇಕು. ಮಂದಿಯನ್ನು ಹೊರಗೆ ಕಳಿಸಿ ತಾನೂ ಹೊರಗೆ ಬರಬೇಕು, ಒಬ್ಬನೇ ಉಳಿಯಬಾರದು. ಗಾಳಿ ಬೆನ್ನಿಗೆ ಇರುವ ಕಡೆ ನಿಲ್ಲಬೇಕು. ಮಾಸ್ಕ್ ಹಾಕಿಕೊಂಡವರು ಮಾತ್ರ ಒಳಗೆ ಹೋಗಿ ಒಣ ಉಸುಕು ಸುರಿಯಬೇಕು. ನೀರಿನ ಹನಿ ಸಹ ಮುಟ್ಟಿಸಬಾರದು.

"ನೀವು ಮಂದಿನ್ನ ಹೊರಗ ಕಳಿಸಿದ್ದು ಬರೋಬರಿ ಇತ್ತು" ಎಂದರು. "ಅಷ್ಟು ಮಂದಿ ನಿಮ್ಮಿಂದಽ ಉಳದಾರ."

ಅವನು ತಲೆಯಾಡಿಸಿದ. "ಇಷ್ಟು ದಿನ ಯಾರೂ ನನಗ ಹಿಂಗ ಬಾಯಿಲೆ ಹೇಳಿದ್ದಿಲ್ಲ ಬಿಡ್ರಿ."

ಬಾಗಿಲಲ್ಲಿದ್ದವಳು ಅಷ್ಟರಲ್ಲಿ ಅಂಗಳಕ್ಕೆ ಇಳಿದಿದ್ದಳು. "ಮುಂದಿನ ತಿಂಗಳು ಇವ್ರು ಮತ್ತ ಅದಽ ಶೆಡ್ಡಿಗಿ ಹೋಗಾವ್ರು" ಎಂದಳು, ಯಾರಿಗೆ ಎಂದಿಲ್ಲದೆ. ಮೂಲೆಯಲ್ಲಿದ್ದ ಹಗ್ಗದ ಹೊರಸನ್ನು ಎಳೆದು ನೆರಳಿಗೆ ಹಾಕಿದಳು. ಅದರ ಮೇಲಿನ ಧೂಳನ್ನು ಸೆರಗಿನಿಂದ ಝಾಡಿಸಿದಳು.

"ಕುಂಡ್ರ್ರಿ ಆಪಾ" ಎಂದಳು. "ಮೊದಲಿಂದ ಇನ್ನೊಮ್ಮಿ ಹೇಳ್ರಿ. ನಾನೂ ಕೇಳ್ತೀನಿ."